ಕಿಂಗ್ಸ್‌ಮೆನ್ನರ ‘ಲೂಯಿ ಲೂಯಿ’
1963ರ ಏಪ್ರಿಲಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಣ್ಣ ಸ್ಟುಡಿಯೋ ಒಂದರಲ್ಲಿ, ರಿಚರ್ಡ್ ಬೆರಿಯವರು ರಚಿಸಿದ್ದ ‘ಲೂಯಿ ಲೂಯಿ’ ಹಾಡನ್ನು ಧ್ವನಿಮುದ್ರಿಸಿದ ಕಿಂಗ್ಸ್‌ಮೆನ್ ಎಂಬ ತರುಣರ ವಾದ್ಯವೃಂದಕ್ಕೆ, ಗ್ಯಾರೇಜ್ ರಾಕ್ ಎಂದು ಮುಂದೆ ಹೆಸರಾದ ಒರಟು ಸಂಪ್ರದಾಯದ ಮೂಲಪುರುಷರ ಸಾಲಿಗೆ ತಾವು ಸೇರುತ್ತಿರುವೆವೆಂಬ ಅರಿವು ಇದ್ದಿರಲಾರದು. ಮೈಕನ್ನು ಬಲು ಎತ್ತರದಲ್ಲಿ ತೂಗುಬಿಟ್ಟಿದ್ದುದರಿಂದ ಗಾಯಕ ಜ್ಯಾಕ್ ಈಲಿ ಕತ್ತೆತ್ತಿ ಕೂಗಬೇಕಾಯಿತು, ಮಾತುಗಳೆಲ್ಲ ಕಲಸಿಹೋದುವು. ಗಿಟಾರಿನ ಒಂಟಿವಾದನ ಮುಗಿದೊಡನೆ ಆತನು ಅವಸರದಿಂದ ಸಾಲನ್ನೆತ್ತಿಕೊಂಡು, ತಾಳ ಇನ್ನೂ ಬಂದಿಲ್ಲವೆಂದರಿತು ಥಟ್ಟನೆ ನಿಲ್ಲುತ್ತಾನೆ. ತೆರವಾದ ಎಡೆಯನ್ನು ಡ್ರಮ್ಮಿನವನು ಒಂದು ಬಿರುಸಾದ ಉರುಳಿಕೆಯಿಂದ ತುಂಬಿಬಿಡುತ್ತಾನೆ. ಆ ತೊಡರನ್ನು ತಿದ್ದದೆ ಬಿಟ್ಟುದೇ ಈ ಮುದ್ರಿಕೆಯ ಪರಮಭಾಗ್ಯವೆಂದು ನನ್ನ ಮತ. ಇದನ್ನಾಲಿಸಿದ ಅದೆಷ್ಟೋ ಹುಡುಗರಿಗೆ ತಾವೂ ನುಡಿಸಬಲ್ಲೆವೆಂಬ ಧೈರ್ಯ ಬಂದುದು ಅಲ್ಲಿಂದಲೇ ಇರಬೇಕು.
ಅಸ್ಪಷ್ಟವಾದ ಸಾಹಿತ್ಯದಲ್ಲಿ ಅಶ್ಲೀಲತೆಯಡಗಿದೆಯೆಂಬ ದೂರಿನ ಮೇಲೆ ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐನ ಅಧಿಕಾರಿಗಳು ತಟ್ಟೆಯನ್ನು ನಾನಾ ವೇಗಗಳಲ್ಲಿ ತಿರುಗಿಸಿ ಕೇಳಿ, ಕಡೆಗೆ ಏನೂ ತಿಳಿಯದೆಂದು ಒಪ್ಪಿಕೊಂಡರು. (ಬೆರಿಯವರು ಬರೆದುದಾದರೋ, ನಲ್ಲೆಯ ಬಳಿಗೆ ಮರಳಲು ಹಂಬಲಿಸುವ ನಾವಿಕನೊಬ್ಬನ ನಿರುಪದ್ರವಿ ಅಳಲು!) ಪಂಕ್ ರಾಕ್ ಸಂಗೀತದ ರಸಿಕರು ತಮ್ಮ ವಂಶಾವಳಿಯನ್ನು ಚರ್ಚಿಸುವಾಗಲೆಲ್ಲ ಈ ಹಾಡಿನ ಹೆಸರು ಬಾರದಿರದು. 1974ರಲ್ಲಿ ಡೆಟ್ರಾಯಿಟಿನ ಸಂಗೀತ ಕಚೇರಿಯಲ್ಲಿ, ಸಭಿಕರು ಎಸೆಯುತ್ತಿದ್ದ ವಸ್ತುಗಳ ನಡುವೆ, ಇಗ್ಗಿ ಪಾಪ್ ಮತ್ತು ಸ್ಟೂಜಸ್ ತಂಡದವರು ಹಾಡಿದುದೂ ಇದನ್ನೇ.