ನಂಬಿಕೆ: ಬಳುವಳಿಯೋ, ಹುಡುಕಾಟವೋ?

ನಂಬಿಕೆಯ ವಿಷಯ ಬಂದರೆ ನಮ್ಮಲ್ಲಿ ಮಾತು ಬೇಗನೆ ಎರಡು ದಾರಿ ಹಿಡಿಯುತ್ತದೆ. 'ಹಿರಿಯರು ಹೇಳಿದ್ದಾರೆ, ಮುಗಿಯಿತು' ಎಂಬುದು ಒಂದು. 'ಅದೆಲ್ಲ ಭಯದಿಂದ ಹುಟ್ಟಿದ್ದು, ನಾಲ್ಕಕ್ಷರ ಕಲಿತರೆ ತಾನೇ ಹೋಗುತ್ತದೆ' ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಮೊಹಲ್ಲಾದಲ್ಲಿ ಕೇಳುತ್ತೇವೆ, ಎರಡನೆಯದನ್ನು ಸಾಹಿತ್ಯ ಗೋಷ್ಠಿಗಳಲ್ಲಿ. ಎರಡೂ ಕಡೆ ಕುಳಿತು ಬಂದಿರುವ ನಮಗೆ, ಇಬ್ಬರೂ ಒಂದು ಪ್ರಶ್ನೆಯನ್ನು ದಾಟಿ ಹೋಗುತ್ತಿದ್ದಾರೆ ಅನಿಸುತ್ತದೆ. ಒಬ್ಬ ಮನುಷ್ಯನ ಒಳಗೆ ನಂಬಿಕೆ ಹುಟ್ಟುವುದಾದರೂ ಹೇಗೆ? ಈ ಪ್ರಶ್ನೆಯನ್ನು ಹಿಡಿದು ಎರಡು ಹಳೆಯ ಅರಬಿ ಪುಸ್ತಕಗಳನ್ನೂ ನಮ್ಮದೇ ಎರಡು ಕಾದಂಬರಿಗಳನ್ನೂ ಓದಿ ನೋಡೋಣ.

ಮೊದಲು ಪದಗಳು. ಉರ್ದುವಿನಲ್ಲಿ ನಂಬಿಕೆಗೆ ಅರಬಿಯಿಂದ ಬಂದ ಎರಡು ಮಾತುಗಳಿವೆ: ಅಕೀದಾ ಮತ್ತು ಈಮಾನ್. ಅಕೀದಾದ ಧಾತುವಿಗೆ ಗಂಟು ಹಾಕುವುದು ಎಂದರ್ಥ. ಈಮಾನ್ ಎಂಬುದು ಅಮನ್, ಅಮಾನತ್ ಇವುಗಳ ಒಡಹುಟ್ಟು. ಅಮನ್ ಎಂದರೆ ನೆಮ್ಮದಿ, ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದ 'ನಂಬಿಕೆ' ಈ ಈಮಾನಿಗೆ ಹತ್ತಿರ. ದೇವರನ್ನೂ ನಂಬುತ್ತೇವೆ, ನೆರೆಯವನನ್ನೂ ನಂಬುತ್ತೇವೆ, ಅಂಗಡಿಯವನು ನಂಬಿಕೆಯ ಮೇಲೆ ಸಾಲ ಕೊಡುತ್ತಾನೆ. ಗಂಟನ್ನು ಇನ್ನೊಬ್ಬರು ನಮಗೆ ಹಾಕಬಹುದು. ಆದರೆ ನೆಮ್ಮದಿಯನ್ನು ನಮ್ಮ ಪರವಾಗಿ ಇನ್ನೊಬ್ಬರು ಅನುಭವಿಸಲು ಬರುವುದಿಲ್ಲ.

ಈ ವ್ಯತ್ಯಾಸವನ್ನು ತನ್ನ ಬದುಕಿನಲ್ಲೇ ಕಂಡವರು ಇಮಾಮ್ ಗಝಾಲಿ. 1058ರಲ್ಲಿ ತೂಸ್‌ನಲ್ಲಿ ಹುಟ್ಟಿದ ಅವರು 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸಾದ ಪ್ರಾಧ್ಯಾಪಕರಾದರು. ಐವತ್ತು ದಾಟಿದ ಮೇಲೆ ಬರೆದ 'ಅಲ್ ಮುನ್ಕಿಝ್ ಮಿನ ಝಲಾಲ್' ಎಂಬ ಸಣ್ಣ ಆತ್ಮಕಥನದಲ್ಲಿ ಅವರು ಶುರು ಮಾಡುವುದೇ ಒಂದು ಸರಳ ಗಮನಿಕೆಯಿಂದ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುತ್ತಾರೆ. ಹಾಗಿದ್ದರೆ ನನ್ನ ನಂಬಿಕೆಯಲ್ಲಿ ನನ್ನದೆಂಬುದು ಎಷ್ಟು? ಪ್ರತಿ ಮಗುವೂ ಸಹಜ ಪ್ರಕೃತಿಯಲ್ಲಿ, ಅಂದರೆ ಫಿತ್ರತ್‌ನಲ್ಲಿ ಹುಟ್ಟುತ್ತದೆ, ಆಮೇಲೆ ತಂದೆತಾಯಿ ಅದನ್ನು ಒಂದು ಧರ್ಮಕ್ಕೆ ಸೇರಿಸುತ್ತಾರೆ ಎಂಬರ್ಥದ ಹದೀಸ್ ನಮಗೆಲ್ಲ ಬಾಯಿಪಾಠ. ಅದನ್ನು ಬೇರೆಯವರ ಮಕ್ಕಳಿಗೆ ಅನ್ವಯಿಸಿ ನಾವು ಸುಮ್ಮನಾಗುತ್ತೇವೆ. ಗಝಾಲಿ ಅದನ್ನು ತನಗೇ ಅನ್ವಯಿಸಿಕೊಂಡರು.

ಮುಂದಿನದು ದಿಟ್ಟ ಪರೀಕ್ಷೆ. ಕಣ್ಣನ್ನು ನಂಬಬಹುದೇ? ನೆರಳು ನಿಂತಂತೆ ಕಾಣುತ್ತದೆ, ಆದರೆ ಸರಿಯುತ್ತಿರುತ್ತದೆ. ನಕ್ಷತ್ರ ಒಂದು ದೀನಾರಿನಷ್ಟು ಕಾಣುತ್ತದೆ, ಗಣಿತ ಅದನ್ನು ಭೂಮಿಗಿಂತ ದೊಡ್ಡದೆನ್ನುತ್ತದೆ. ಬುದ್ಧಿಯನ್ನು ನಂಬಬಹುದೇ? ಕನಸಿನಲ್ಲಿ ಎಲ್ಲವೂ ನಿಜವೇ ಆಗಿರುತ್ತದಲ್ಲ! ಹೀಗೆ ಸುಮಾರು ಎರಡು ತಿಂಗಳು ಯಾವುದೂ ನಿಲ್ಲಲಿಲ್ಲ. ಕೊನೆಗೆ ತಮ್ಮನ್ನು ಎತ್ತಿದ್ದು ವಾದವಲ್ಲ, ದೇವರು ಎದೆಗೆ ಹಾಕಿದ ಒಂದು ಬೆಳಕು ಎನ್ನುತ್ತಾರೆ. ಅಷ್ಟು ದೊಡ್ಡ ತರ್ಕಪಟು ಈ ಮಾತು ಹೇಳಿದ್ದನ್ನು ನಮ್ಮ ವಾದವೀರರು ಗಮನಿಸಬೇಕು. 1095ರಲ್ಲಿ ಇನ್ನೊಂದು ಬಿಕ್ಕಟ್ಟು ಬಂತು. ಪಾಠ ಹೇಳಲು ನಾಲಿಗೆ ಏಳಲಿಲ್ಲ, ಊಟ ಸೇರಲಿಲ್ಲ, ಹಕೀಮರು ಕೈಚೆಲ್ಲಿದರು. ಹುದ್ದೆ ಬಿಟ್ಟು ಡಮಾಸ್ಕಸ್‌ಗೆ ಹೋದವರು ಮತ್ತೆ ಪಾಠಕ್ಕೆ ಕೂತದ್ದು 1106ರಲ್ಲಿ, ನಿಶಾಪುರದಲ್ಲಿ.

ತಕ್ಲೀದ್, ಅಂದರೆ ಪ್ರಶ್ನೆಯಿಲ್ಲದ ಅನುಸರಣೆ, ಒಡೆದ ಮೇಲೆ ಮತ್ತೆ ಅಂಟಿಸಲು ಬಾರದ ಗಾಜು ಎಂಬುದು ಅವರ ಹೋಲಿಕೆ. ಅದನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು. ಆದರೆ ಕತೆಗಾರರಾಗಿ ನಮಗೊಂದು ತಕರಾರಿದೆ. ಗಾಜು ಕರಗುತ್ತಿದ್ದಾಗಿನ ಬೇಗೆಗೆ ಗಝಾಲಿ ಕೊಡುವ ಜಾಗ ಕಡಿಮೆ. ಇದು ದಡ ಮುಟ್ಟಿದವನ ಕಥನ, ಮುಳುಗುತ್ತಿದ್ದವನದಲ್ಲ.

ಆ ಕೊರತೆಯನ್ನು ತುಂಬುವುದು ಅಂದಲೂಸಿಯಾದ ಇಬ್ನ್ ತುಫೈಲ್ 12ನೇ ಶತಮಾನದಲ್ಲಿ ಬರೆದ 'ಹಯ್ ಇಬ್ನ್ ಯಕ್‌ಝಾನ್'. ಜನವಿಲ್ಲದ ದ್ವೀಪದಲ್ಲಿ ಹಯ್ ಎಂಬ ಮಗುವನ್ನು ಜಿಂಕೆಯೊಂದು ಹಾಲೂಡಿ ಸಾಕುತ್ತದೆ. ತಂದೆತಾಯಿ ಇಲ್ಲ, ಗುರು ಇಲ್ಲ, ಗ್ರಂಥ ಇಲ್ಲ. ಅವನು ಬರೀ ನೋಡಿ, ಯೋಚಿಸಿ ದೇವರನ್ನು ತಲುಪುತ್ತಾನೆ. 1671ರಲ್ಲಿ ಇದು ಲ್ಯಾಟಿನ್‌ಗೆ ಹೋದಾಗ ಯುರೋಪು ಇದನ್ನು ಬುದ್ಧಿಯ ಗೆಲುವಿನ ಕತೆಯಾಗಿ ಓದಿತು. ನಮಗೆ ಹಾಗನಿಸುವುದಿಲ್ಲ. ಹಯ್‌ನ ಮೊದಲ ದೊಡ್ಡ ಪ್ರಶ್ನೆ ಹುಟ್ಟುವುದು ತಾಯಿ ಜಿಂಕೆ ಸತ್ತಾಗ. ಕರೆದರೆ ಓಗೊಡುತ್ತಿಲ್ಲ. ಎಲ್ಲೋ ಕೆಟ್ಟಿರಬೇಕು, ಸರಿಪಡಿಸೋಣ ಎಂದು ಹುಡುಗ ಅದರ ಎದೆಯನ್ನು ತೆರೆಯುತ್ತಾನೆ. ಹೃದಯದ ಒಂದು ಕೋಣೆ ಖಾಲಿ ಇದೆ. ನನ್ನನ್ನು ಪ್ರೀತಿಸಿದ್ದು ಇಲ್ಲಿದ್ದು ಹೊರಟುಹೋಗಿದೆ, ಎಲ್ಲಿಗೆ? ಎಲ್ಲ ತತ್ವಜ್ಞಾನವೂ ಆ ಖಾಲಿ ಕೋಣೆಯಿಂದ ಹೊರಡುತ್ತದೆ. ಅವನನ್ನು ಹುಡುಕಾಟಕ್ಕೆ ಹಚ್ಚಿದ್ದು ಭಯವಲ್ಲ, ಉಪದೇಶವಲ್ಲ, ಪ್ರೀತಿಸಿ ಕಳಕೊಂಡ ನೋವು. ಜಿಂಕೆಯ ಹಾಲು ಕುಡಿಯದವನಿಗೆ ಆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ಬಳುವಳಿ ಎಂದರೆ ಬರೀ ಗಂಟಲ್ಲ, ಈ ಹಾಲೂ ಹೌದು.

ಕತೆಯ ಕೊನೆ ಇನ್ನೂ ಮುಖ್ಯ. ಹಯ್ ಪಕ್ಕದ ದ್ವೀಪದ ಜನರಿಗೆ ತಾನು ಕಂಡದ್ದನ್ನು ಹೇಳಲು ಹೋಗುತ್ತಾನೆ. ಅವರು ಮುಖ ತಿರುಗಿಸುತ್ತಾರೆ. ನಿಮ್ಮ ಆಚಾರವನ್ನೇ ಇಟ್ಟುಕೊಳ್ಳಿ ಎಂದು ಹೇಳಿ ಅವನು ಹಿಂದಿರುಗುತ್ತಾನೆ.

ಇಲ್ಲಿ ನಮಗೆ ನೆನಪಾಗುವವನು ಅನಂತಮೂರ್ತಿಯವರ 'ಭಾರತೀಪುರ'ದ (1973) ಜಗನ್ನಾಥ. ಇಂಗ್ಲೆಂಡಿನಲ್ಲಿ ಓದಿ ಬಂದ ಈ ಜಮೀನ್ದಾರ ಮನೆಯ ಸಾಲಿಗ್ರಾಮವನ್ನು ಹೊರತಂದು, ಇದು ಬರೀ ಕಲ್ಲು ಎಂದು ತೋರಿಸಲು ದಲಿತರಿಗೆ ಮುಟ್ಟಲು ಹೇಳುತ್ತಾನೆ. ಅವರು ಹಿಂಜರಿದಷ್ಟೂ ಅವನಿಗೆ ಸಿಟ್ಟು ಏರುತ್ತದೆ. ಕೊನೆಗೆ ಅವರು ಮುಟ್ಟುತ್ತಾರೆ, ಆದರೆ ಒಡೆಯನ ಗದರಿಕೆಗೆ ಹೆದರಿ. ಒಂದು ಭಯವನ್ನು ಬಿಡಿಸಲು ಹೋದವನು ಇನ್ನೊಂದು ಭಯವನ್ನು ಬಳಸಿದ. ಹಯ್ ಮತ್ತು ಜಗನ್ನಾಥ ಇಬ್ಬರೂ ತಾವು ಕಂಡದ್ದನ್ನು ಇನ್ನೊಬ್ಬರ ಕೈಗೆ ಇಡಲು ಹೋಗಿ ಸೋತವರು. ಹಯ್‌ನ ಸೋಲಿನಲ್ಲಿ ಸಾಮಾನ್ಯರ ಬಗ್ಗೆ ಒಂದು ತಾತ್ಸಾರವಿದೆ, ಅದನ್ನು ಇಬ್ನ್ ತುಫೈಲ್ ಪ್ರಶ್ನಿಸುವುದಿಲ್ಲ. ಅನಂತಮೂರ್ತಿ ತಮ್ಮ ನಾಯಕನ ಕ್ರೌರ್ಯವನ್ನು ಬಚ್ಚಿಡುವುದಿಲ್ಲ. ಅದು ಆ ಕಾದಂಬರಿಯ ದೊಡ್ಡತನ. ಆದರೆ ಆ ದಲಿತರು ಏನು ನಂಬಿದ್ದರು, ಯಾಕೆ ನಂಬಿದ್ದರು ಎಂಬುದು ಆ ಗಳಿಗೆಯಲ್ಲಿ ಅವರ ಬಾಯಿಂದ ನಮಗೆ ಕೇಳಿಸುವುದಿಲ್ಲ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದುವಾಗಲೂ ಇಂಥದ್ದೇ ಒಂದು ಮಾತು ಉಳಿಯುತ್ತದೆ. ತಂದೆಯ ಹಟಕ್ಕೆ ಗಂಡನಿಂದ ಬೇರೆಯಾದ ನಾದಿರಾ ಮರಳಿ ಅವನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ತಲಾಖ್ ಪಡೆಯಬೇಕೆಂಬ ಕಟ್ಟಳೆ ಎದುರಾಗುತ್ತದೆ. ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಇದನ್ನು ಧರ್ಮದ ವಿರುದ್ಧದ ಕಾದಂಬರಿ ಎಂದು ಹೊಗಳಿದವರೂ ಉಂಟು, ತೆಗಳಿದವರೂ ಉಂಟು. ನಾವು ಕಂಡಂತೆ ಅಲ್ಲಿ ಎದುರಾಗುವುದು ಅಕೀದಾದ ಗಂಟು ಮತ್ತು ಈಮಾನಿನ ನೆಮ್ಮದಿ. ಗಂಟು ಬಿಗಿಯುವವರು ಅನೇಕರಿದ್ದಾರೆ. ನೆಮ್ಮದಿ ಸಿಕ್ಕಿತೇ ಎಂದು ಅವಳನ್ನು ಕೇಳುವವರಿಲ್ಲ.

ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. ಅಲ್ಲಾಹನನ್ನು ಯಾರು ಸೃಷ್ಟಿಸಿದರು, ಅಜ್ಜಿ ಸತ್ತು ಎಲ್ಲಿಗೆ ಹೋದರು ಎಂದು ಮಗು ಕೇಳಿದರೆ 'ತೋಬಾ, ಹಾಗೆಲ್ಲ ಕೇಳಬಾರದು, ಈಮಾನ್ ಹೋಗುತ್ತದೆ' ಎಂದು ಬಾಯಿ ಮುಚ್ಚಿಸುತ್ತೇವೆ. ಹಾಗೆ ಬಾಯಿ ಮುಚ್ಚಿದ ಮಗು ನಂಬುವುದನ್ನು ಕಲಿಯುವುದಿಲ್ಲ, ನಂಬಿದಂತೆ ಇರುವುದನ್ನು ಕಲಿಯುತ್ತದೆ. ಸೂರಾ ಬಕರದಲ್ಲಿ ಹಜ್ರತ್ ಇಬ್ರಾಹೀಮರು, ಸತ್ತವರನ್ನು ಹೇಗೆ ಎಬ್ಬಿಸುತ್ತೀಯ ತೋರಿಸು ಎಂದು ದೇವರನ್ನೇ ಕೇಳುತ್ತಾರೆ. ನಿನಗೆ ನಂಬಿಕೆ ಇಲ್ಲವೇ ಎಂದರೆ, ಇದೆ, ಆದರೂ ಹೃದಯಕ್ಕೆ ಸಮಾಧಾನ ಬೇಕು ಎನ್ನುತ್ತಾರೆ. ಆ ಪ್ರಶ್ನೆಗೆ ಶಿಕ್ಷೆಯಾಗಲಿಲ್ಲ, ಉತ್ತರ ಸಿಕ್ಕಿತು. ನಬಿಗೇ ಸಿಕ್ಕ ಈ ಸಲಿಗೆಯನ್ನು ಏಳು ವರ್ಷದ ಮಗುವಿಗೆ ನಿರಾಕರಿಸಲು ನಮಗೇನು ಅಧಿಕಾರ?

ಕನ್ನಡದಲ್ಲಿ ಕತೆ ಬರೆಯುವವರ ಮುಂದೆಯೂ ಒಂದು ಕೆಲಸ ಉಳಿದಿದೆ. ನಂಬಿಕೆಯ ಹೆಸರಿನ ದಬ್ಬಾಳಿಕೆಯನ್ನು ನಾವು ಸಾಕಷ್ಟು ಬರೆದಿದ್ದೇವೆ, ಅದು ಬೇಕಾಗಿಯೂ ಇತ್ತು. ಆದರೆ ಫಜರ್ ನಮಾಜಿಗೆ ಒಬ್ಬಳೇ ಎದ್ದು ಕೂರುವ ಮುದುಕಿ, ದಿನವೂ ಅದೇ ಜಾನಮಾಜಿನ ಮೇಲೆ ಕೂತು ಏನು ಕೇಳುತ್ತಾಳೆ, ಏನು ಸಿಗದೆ ಏಳುತ್ತಾಳೆ, ಮರುದಿನ ಮತ್ತೆ ಯಾಕೆ ಕೂರುತ್ತಾಳೆ? ಈ ಕತೆಯನ್ನು ಅವಳನ್ನು ಹೊಗಳದೆ, ಹಂಗಿಸದೆ ಬರೆಯಬೇಕಾಗಿದೆ.