ಧಾರಾವಾಹಿಯ ನಾಂದಿ

1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ವು ಮೊದಲ ಬಾರಿಗೆ ರಂಗವನ್ನೇರಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಈ ನಾಟಕಕಾರರ ಕೃತಿಯನ್ನು ಇಡಿಯಾಗಿ ಆಡುವವರು ಈಗ ವಿರಳ. ಆದರೆ ಅದರ ನಾಂದೀಪದ್ಯವು ಮಾತ್ರ ಮರಾಠಿ ಸಂಗೀತಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ನಾಟಕಕ್ಕೆ ಬಾಗಿಲು ತೆರೆಯಲೆಂದು ಹುಟ್ಟಿದ ಪದ್ಯವು ನಾಟಕವನ್ನೇ ಮೀರಿ ಬಾಳಿತು. ಕೃತಿಯ ಆರಂಭಭಾಗವು ಬರಿಯ ಅಲಂಕಾರವಲ್ಲ, ಅದಕ್ಕೆ ತನ್ನದೇ ಆದ ಆಯುಸ್ಸುಂಟು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ದೂರದರ್ಶನದ ಧಾರಾವಾಹಿಗಳಿಗೂ ಇಂತಹದೊಂದು ನಾಂದಿಯುಂಟು. ಜನರು ಅದನ್ನು ಟೈಟಲ್ ಸಾಂಗ್ ಎಂದೋ ಶೀರ್ಷಿಕೆ ಗೀತೆಯೆಂದೋ ಕರೆಯುತ್ತಾರೆ. ಹಾಡು, ಚಿತ್ರ, ಹೆಸರುಗಳ ಸಾಲು ಮೂರೂ ಕೂಡಿದ ಈ ಒಂದು ನಿಮಿಷದ ರಚನೆಯನ್ನು ವಿಮರ್ಶಕರು ಗಣನೆಗೆ ತೆಗೆದುಕೊಂಡದ್ದು ಅಪರೂಪ. ಆದರೆ ಕಥೆಯ ಕಂತು ಒಮ್ಮೆ ಬಂದು ಹೋಗುವಂತಹುದು. ಶೀರ್ಷಿಕೆಯಾದರೋ ದಿನದಿನವೂ ಮರಳಿ ಬರುವಂತಹುದು. ವರ್ಷಗಟ್ಟಲೆ ನಡೆಯುವ ಕಥೆಯಲ್ಲಿ ನೋಡುಗನ ಬಾಯಿಗೆ ಬರುವುದು ಅದೊಂದೇ. ಆದುದರಿಂದ ಕನ್ನಡ ಧಾರಾವಾಹಿಯ ಶೀರ್ಷಿಕೆಯು ನಡೆದುಬಂದ ದಾರಿಯನ್ನು ಪರಿಶೀಲಿಸುವುದು, ನಿತ್ಯಬಳಕೆಯಲ್ಲಿ ಕನ್ನಡ ಕವಿತೆಯ ಸ್ಥಾನವೇನೆಂಬುದನ್ನು ಪರಿಶೀಲಿಸಿದಂತೆಯೇ ಸರಿ.

ಈ ಪರಂಪರೆಯ ಮೊದಲಲ್ಲಿ ನಿಲ್ಲತಕ್ಕ ಕೃತಿ, ವಿಚಿತ್ರವೆಂಬಂತೆ, ಕನ್ನಡದ್ದಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೇಶಕ್ಕೆಲ್ಲ ತೋರಿದುದು ಹಿಂದಿಯಲ್ಲಿ. ಆದರೆ ಆಗುಂಬೆಯ ಬೀದಿ, ಅರಸಾಳಿನ ರೈಲು ನಿಲ್ದಾಣ, ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್ ಇವರ ಮುಖಗಳು, ಇವೆಲ್ಲ ಕನ್ನಡನಾಡಿನವು. ಅದರ ಶೀರ್ಷಿಕೆಯಲ್ಲಿ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು ಒಂದಾದ ಮೇಲೊಂದು ಬರುತ್ತವೆ, ಹಿನ್ನೆಲೆಯಲ್ಲಿ ಎಲ್. ವೈದ್ಯನಾಥನ್‌ರ ರಾಗ. ಆ ರಾಗಕ್ಕೆ ಮಾತಿಲ್ಲ, ಅರ್ಥದ ಹಂಗಿಲ್ಲದ ಅಕ್ಷರಗಳಷ್ಟೆ. ಇಲ್ಲಿ ಶೀರ್ಷಿಕೆಯು ಮಾಡುವ ಕೆಲಸ ಒಂದೇ: ನೋಡುಗನನ್ನು ಒಂದು ಊರಿಗೆ ಕರೆದೊಯ್ಯುವುದು. ಇಂಥವನ ಕಥೆ ಎನ್ನುವುದಕ್ಕೆ ಮುಂಚೆ ಇಂಥ ಊರಿನ ಕಥೆ ಎಂದು ಅದು ಹೇಳುತ್ತದೆ. ಭಾಷೆಯೇ ಇಲ್ಲದ ರಾಗವಾದ್ದರಿಂದ ಹಿಂದಿಯ ಮನೆಗೂ ಮರಾಠಿಯ ಮನೆಗೂ ಅದು ಸಮನಾಗಿ ಸಂದಿತು.

ಪುಣೆಯ ಕನ್ನಡಿಗರಿಗೆ ಈ ಚಿತ್ರಗಳಲ್ಲಿ ಇನ್ನೊಂದು ಅರ್ಥವೂ ಉಂಟು. 1973ರಲ್ಲಿ ಸಿಂಹಗಡದ ಪ್ರಸಾರಕೇಂದ್ರದ ಮೂಲಕ ಮುಂಬಯಿಯ ದೂರದರ್ಶನವು ಈ ಊರಿಗೆ ಬಂದಿತು. ಆ ಬಳಿಕ ಎರಡು ದಶಕಗಳ ಕಾಲ, ಉಪಗ್ರಹದ ಕನ್ನಡ ವಾಹಿನಿಗಳು ಬರುವ ಪರ್ಯಂತ, ಇಲ್ಲಿಯ ಕನ್ನಡ ಮನೆಗಳಲ್ಲಿ ಕಂಡದ್ದು ಮುಖ್ಯವಾಗಿ ಮರಾಠಿ ಮತ್ತು ಹಿಂದಿ. ಆ ದಿನಗಳಲ್ಲಿ ಮಲೆನಾಡಿನ ಮಳೆಯನ್ನು ಮನೆಗೆ ತಂದುದು ‘ಮಾಲ್ಗುಡಿ’. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರಾಗಿ, 2015ರ ಜನವರಿ 26ರಂದು ಪುಣೆಯಲ್ಲಿಯೇ ಕಣ್ಮುಚ್ಚಿದ ಲಕ್ಷ್ಮಣರು ಹೊರನಾಡಿನಲ್ಲಿದ್ದು ಒಳನಾಡನ್ನು ಬರೆದವರು. ದೂರದಿಂದ ಕಂಡ ಊರಿನಲ್ಲಿ ಅನಾವಶ್ಯಕವಾದ ಗೆರೆ ಇರುವುದಿಲ್ಲ.

ಎರಡನೆಯ ಘಟ್ಟವು 1998ರ ‘ಮಾಯಾಮೃಗ’ದೊಡನೆ ಆರಂಭವಾಗುತ್ತದೆ. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಇವರು ಬೆಂಗಳೂರು ದೂರದರ್ಶನಕ್ಕಾಗಿ ರೂಪಿಸಿದ ಈ ದೀರ್ಘ ಧಾರಾವಾಹಿಯ ಹೆಸರನ್ನೇ ಗಮನಿಸಬೇಕು. ಅದು ನಾಯಕಿಯ ಹೆಸರಲ್ಲ, ಮನೆತನದ ಹೆಸರೂ ಅಲ್ಲ. ರಾಮಾಯಣದ ಹೊನ್ನಜಿಂಕೆಯನ್ನು ನೆನಪಿಗೆ ತಂದು, ಮಧ್ಯಮವರ್ಗದ ಆಸೆಯ ಬೆನ್ನಟ್ಟುವಿಕೆಯನ್ನು ಕುರಿತು ಕೇಳಿದ ಪ್ರಶ್ನೆ ಅದು. 2000ದ ಡಿಸೆಂಬರಿನಲ್ಲಿ ಮೊದಲಾದ ಈಟಿವಿ ಕನ್ನಡದಲ್ಲಿ ಮುಂದೆ ಬಂದ ಸೀತಾರಾಮರ ‘ಮುಕ್ತ’ವೂ ಹೀಗೆಯೇ. ಅದರ ಶೀರ್ಷಿಕೆ ಗೀತೆಯನ್ನು ಬರೆದವರು ಎಚ್. ಎಸ್. ವೆಂಕಟೇಶಮೂರ್ತಿ. ಊರನ್ನು ತೋರುತ್ತಿದ್ದ ಶೀರ್ಷಿಕೆಯು ಈಗ ವಿಚಾರವನ್ನು ಮುಂದಿಡತೊಡಗಿತು. ಚಿತ್ರದ ಸ್ಥಾನಕ್ಕೆ ಕವಿತೆ ಬಂದಿತು.

ಈ ಮಾರ್ಪಾಟಿನ ಹಿಂದೆ ಕನ್ನಡದ ಭಾವಗೀತ ಪರಂಪರೆಯ ಬಲವಿದ್ದಿತು. ನವೋದಯದ ಕವಿತೆಯನ್ನು ಸುಗಮಸಂಗೀತವು ಆಕಾಶವಾಣಿಯ ಮೂಲಕವೂ ಧ್ವನಿಸುರುಳಿಯ ಮೂಲಕವೂ ಮನೆಮನೆಗೆ ಮುಟ್ಟಿಸಿದ್ದಿತು. ಶೀರ್ಷಿಕೆ ಗೀತೆಯು ಅದರ ಕೊನೆಯ ಕವಲು. ಅಡಿಗೆಮನೆಯಲ್ಲಿದ್ದವರನ್ನು ಮುಂಬಾಗಿಲ ಕೋಣೆಗೆ ಕರೆಯುತ್ತಿದ್ದ ಗಂಟೆಯೂ ಅದೇ, ಅವರು ನಡೆದು ಬರುವ ಹೊತ್ತಿನಲ್ಲಿ ಕೇಳಿಸಿಕೊಂಡ ಕವಿತೆಯೂ ಅದೇ.

ಮರಾಠಿಯಲ್ಲಿಯೂ ಇದೇ ಕಾಲದಲ್ಲಿ ಇಂತಹ ಬೆಳೆ ಬಂದಿತೆಂಬುದನ್ನು ಪುಣೆಯ ಓದುಗರು ಬಲ್ಲರು. 1999ರ ‘ಆಭಾಳಮಾಯಾ’ಕ್ಕೆ ಮಂಗೇಶ ಕುಲಕರ್ಣಿಯವರ ರಚನೆ, ಅಶೋಕ ಪತ್ಕಿಯವರ ಸ್ವರಸಂಯೋಜನೆ, ದೇವಕಿ ಪಂಡಿತರ ಕಂಠ. ಕಥೆಯ ತಿರುವುಗಳನ್ನು ಮರೆತವರೂ ಆ ಹಾಡನ್ನು ಮರೆತಿಲ್ಲ. ನೆರೆಹೊರೆಯ ಎರಡು ಭಾಷೆಗಳು ಒಂದೇ ಕಾಲದಲ್ಲಿ ತಮ್ಮ ಕವಿಗಳನ್ನು ಈ ಕೆಲಸಕ್ಕೆ ಕರೆದುದು ಆಕಸ್ಮಿಕವಲ್ಲ. ಎರಡೂ ಕಡೆ ನಾಟಕಸಂಗೀತದ ನೆನಪು ಇನ್ನೂ ಹಸಿಯಾಗಿದ್ದಿತು.

ಮೂರನೆಯ ಘಟ್ಟದಲ್ಲಿ ಶೀರ್ಷಿಕೆಯು ಮುಖಗಳ ಸಾಲಾಯಿತು. ನಾಯಕಿ ತಿರುಗಿ ನೋಡುತ್ತಾಳೆ, ನಾಯಕ ನಗುತ್ತಾನೆ, ಅತ್ತೆ ಹುಬ್ಬು ಗಂಟಿಕ್ಕುತ್ತಾಳೆ, ಕೊನೆಯಲ್ಲಿ ಕುಟುಂಬವೆಲ್ಲ ಒಟ್ಟಾಗಿ ನಿಲ್ಲುತ್ತದೆ. ಇದು ಊರೂ ಅಲ್ಲ, ಪ್ರಶ್ನೆಯೂ ಅಲ್ಲ, ಪಾತ್ರಗಳ ಪಟ್ಟಿ. ಹೆಸರುಗಳೂ ಎರವಲು ಬಂದುವು. 2013ರ ‘ಲಕ್ಷ್ಮೀ ಬಾರಮ್ಮ’ ನೆನಪಿಸುವುದು ಪುರಂದರದಾಸರ ಕೀರ್ತನೆಯನ್ನು, ಅಂದರೆ ಪುಣೆಯ ಭೀಮಸೇನ ಜೋಶಿಯವರ ಕಂಠವನ್ನು. 2019ರ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೇ ರೇ’ ಎಂಬುದರ ಕನ್ನಡ ರೂಪ. ಅದರ ಹೆಸರು 1981ರ ‘ಗೀತಾ’ ಚಿತ್ರದ ಹಾಡಿನದು. ಇದನ್ನು ಬರಿಯ ದೋಷವೆನ್ನಲಾಗದು. ನೆರೆಯಿಂದ ತಂದ ಕಥೆಗೆ ಕನ್ನಡದ ಹಳೆಯ ಹಾಡು ಒಂದು ಬೇರನ್ನು ಕೊಡುತ್ತದೆ. ಆದರೆ ಅದು ನೋಡುಗನಲ್ಲಿ ಮೊದಲೇ ಇದ್ದ ನೆನಪನ್ನು ಖರ್ಚುಮಾಡುತ್ತದೆ, ಹೊಸ ನೆನಪನ್ನು ಕೂಡಿಡುವುದಿಲ್ಲ.

ಈಗ ಬಂದಿರುವುದು ನಾಲ್ಕನೆಯ ಘಟ್ಟ. ಹಿಂದಿನ ಕಂತಿನ ಸಾರಾಂಶ ಮುಗಿದೊಡನೆ ಕಥೆ ಆರಂಭ. ನಡುವೆಲ್ಲೋ ಹೆಸರು ಮಿಂಚಿ ಮರೆಯಾಗುತ್ತದೆ. ಕಾರಣಗಳು ಸ್ಪಷ್ಟ. ಜಾಹೀರಾತಿಗೆ ಗಂಟೆಗೆ 12 ನಿಮಿಷವೆಂಬ ಮಿತಿಯಿರುವಾಗ ಉಳಿದ ಪ್ರತಿ ಕ್ಷಣವೂ ನೋಡುಗನನ್ನು ಹಿಡಿದಿಡಬೇಕು. ಕೈಯಲ್ಲಿ ರಿಮೋಟ್ ಇರುವವನು ಹಾಡು ಮುಗಿಯುವತನಕ ಕಾಯುವನೆಂಬ ನಂಬಿಕೆ ವಾಹಿನಿಗಳಿಗಿಲ್ಲ. 2017ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಆರಂಭಭಾಗವನ್ನು ದಾಟಿಹೋಗುವ ಗುಂಡಿಯನ್ನೇ ತೆರೆಯ ಮೇಲಿರಿಸಿತು.

ಇದರಲ್ಲಿ ನಷ್ಟವೇನು ಎಂದು ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮುಖಗಳ ಸಾಲನ್ನು ನೂರು ಸಾರಿ ನೋಡುವುದರಲ್ಲಿ ರಸವೇನೂ ಇಲ್ಲ. ಕರಾವಳಿಯ ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗವು ಕಾಲಮಿತಿಯ ಪ್ರಯೋಗಗಳಲ್ಲಿ ಮೊಟಕಾಯಿತು, ಆಟ ನಿಲ್ಲಲಿಲ್ಲ. ಆದರೆ ಪೂರ್ವರಂಗವು ಕಿರಿಯ ವೇಷಧಾರಿಗಳು ಹೆಜ್ಜೆ ಕಲಿಯುವ ಪಾಠಶಾಲೆಯೂ ಆಗಿದ್ದಿತು; ಆಟ ಉಳಿದರೂ ಆ ಶಾಲೆ ಸೊರಗಿತು. ಶೀರ್ಷಿಕೆಯ ಸಂಗತಿಯೂ ಇಂತಹುದೇ. ಕಿರಿದಾಗುವುದೇ ಕೇಡಲ್ಲ. ಬ್ರಿಟನ್ನಿನ ‘ಈಸ್ಟ್‌ಎಂಡರ್ಸ್’ 1985ರಿಂದಲೂ ಥೇಮ್ಸ್ ನದಿಯ ಬಳುಕನ್ನು ಮೇಲಿನಿಂದ ಕಂಡ ಚಿತ್ರವೊಂದನ್ನೇ ತನ್ನ ಶೀರ್ಷಿಕೆಯ ತಿರುಳಾಗಿಸಿಕೊಂಡಿದೆ. ಲಂಡನ್ ಬದಲಾದಂತೆ ಆ ಚಿತ್ರವನ್ನು ತಿದ್ದುತ್ತ ಬಂದಿದ್ದಾರೆ. ಚಿಕ್ಕದಾದರೂ ಅದಕ್ಕೊಂದು ನಿಲುವಿದೆ.

ಕನ್ನಡದಲ್ಲಿ ಕಳೆದುದು ಕಾಲಾವಧಿಯಲ್ಲ, ಕವಿಯ ಸ್ಥಾನ. ಹೊರನಾಡಿನ ಮನೆಯಲ್ಲಿ ಈ ನಷ್ಟ ಇನ್ನೂ ಆಳವಾದುದು. ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಯಲ್ಲಿ ಓದುವ ಮಗುವಿಗೆ ಕನ್ನಡದ ಮಾತು ತಾಯಿಯಿಂದ ಬರುತ್ತದೆ. ಕನ್ನಡದ ಕವಿತೆ ಎಲ್ಲಿಂದ ಬರಬೇಕು? ಪುಸ್ತಕವನ್ನು ಅದು ಓದಲಾರದು. ಅಜ್ಜಿಯ ಪಕ್ಕದಲ್ಲಿ ಕುಳಿತು ದಿನವೂ ಕೇಳಿದ ಶೀರ್ಷಿಕೆ ಗೀತೆಯು ಅದಕ್ಕೆ ಬಾಯಿಪಾಠವಾದ ಏಕೈಕ ಕನ್ನಡ ಪದ್ಯವಾಗಿರಬಹುದು. ತೆರೆಯ ಮೇಲೆ ಮೂಡುವ ಆ ನಾಲ್ಕಾರು ದೊಡ್ಡ ಅಕ್ಷರಗಳು ಅದು ಗುರುತಿಸಬಲ್ಲ ಮೊದಲ ಕನ್ನಡ ಅಕ್ಷರಗಳಾಗಿರಬಹುದು.

ವಾಹಿನಿಗಳಿಗೂ ಈ ಕೊರತೆಯ ಅರಿವು ಒಮ್ಮೆ ಆದಂತಿದೆ. 2020ರಿಂದ 2023ರವರೆಗೆ ನಡೆದ ‘ಕನ್ನಡತಿ’ಯಲ್ಲಿ ನಾಯಕಿ ಕನ್ನಡದ ಅಧ್ಯಾಪಕಿ; ಕಂತಿನ ಕೊನೆಗೆ ಸರಿಗನ್ನಡದ ಪುಟ್ಟ ಪಾಠವೊಂದು ಬರುತ್ತಿದ್ದಿತು. ಮುಂಬಾಗಿಲಿನಿಂದ ಹೊರಗೆ ಹೋದುದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತಾಯಿತು. ಆದರೂ ಪಾಠವು ಪದ್ಯವಲ್ಲ. ಕಲಿತದ್ದನ್ನು ಯಾರೂ ಗುನುಗುವುದಿಲ್ಲ.

ವೆಂಕಟೇಶಮೂರ್ತಿಯವರು 2025ರ ಮೇ 30ರಂದು ತೀರಿಕೊಂಡರು. ಅವರ ಕವನಸಂಗ್ರಹಗಳು ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಧಾರಾವಾಹಿಗಳಿಗೆ ಅವರೂ ಅವರ ಸಮಕಾಲೀನರೂ ಬರೆದ ಹಾಡುಗಳನ್ನು ರಚನಕಾರರ ಹೆಸರು, ವರ್ಷಗಳೊಡನೆ ಒಂದೆಡೆ ಸೇರಿಸುವ ಕೆಲಸ ಸಾಹಿತ್ಯಸಂಸ್ಥೆಗಳಿಗೆ ತಕ್ಕುದು. ಅದರಲ್ಲಿಯೂ ಹೊರನಾಡಿನ ಕನ್ನಡ ಸಂಘಗಳಿಗೆ ಅದು ಹೆಚ್ಚು ಸಲ್ಲುತ್ತದೆ, ಏಕೆಂದರೆ ಆ ಹಾಡುಗಳ ಅಗತ್ಯವು ಹೆಚ್ಚಾಗಿದ್ದುದು ಅಲ್ಲಿಯೇ. ಕಿರ್ಲೋಸ್ಕರರ ನಾಂದಿಯನ್ನು ಉಳಿಸಿದುದು ನಾಟಕಮಂಡಳಿಯಲ್ಲ; ಅದನ್ನು ಬಾಯಿಪಾಠ ಮಾಡಿ ಮಕ್ಕಳಿಗೆ ಕಲಿಸಿದ ಮನೆಗಳು.