ಎರವಲು ಕೊಡುವ ಹಕ್ಕು

ರಿಚರ್ಡ್ ಸ್ಟಾಲ್‌ಮನ್ ಪ್ರೋಗ್ರಾಮರ್, ಕತೆಗಾರರಲ್ಲ. ಆದರೂ ಅವರ ಬರಹಗಳಲ್ಲಿ ನನಗೆ ಮುಖ್ಯವೆನಿಸುವುದು 1997ರಲ್ಲಿ ಪ್ರಕಟವಾದ ‘ದಿ ರೈಟ್ ಟು ರೀಡ್’ ಎಂಬ ಸಣ್ಣಕತೆ. ಮುಂದೆಂದೋ ಬರಲಿರುವ ಕಾಲ. ಲೀಸಾ ಎಂಬ ವಿದ್ಯಾರ್ಥಿನಿ ಸಹಪಾಠಿ ಡ್ಯಾನ್‌ನ ಕಂಪ್ಯೂಟರನ್ನು ಎರವಲು ಕೇಳುತ್ತಾಳೆ. ಕೊಟ್ಟರೆ ಅದರಲ್ಲಿರುವ ಪುಸ್ತಕಗಳನ್ನು ಅವಳು ಓದಿಬಿಡಬಹುದು. ಒಬ್ಬರ ಪುಸ್ತಕವನ್ನು ಇನ್ನೊಬ್ಬರಿಗೆ ಓದಲು ಕೊಡುವುದು ಅಲ್ಲಿ ಜೈಲಿಗೆ ಕಳಿಸುವ ಅಪರಾಧ. ಅವಳನ್ನು ಪ್ರೀತಿಸುವ ಡ್ಯಾನ್ ಕೊನೆಗೆ ಕಂಪ್ಯೂಟರನ್ನೂ ಪಾಸ್‌ವರ್ಡನ್ನೂ ಕೊಟ್ಟುಬಿಡುತ್ತಾನೆ.

ಇದು ಉತ್ಪ್ರೇಕ್ಷೆ ಎನಿಸಬಹುದು. ಆದರೆ 2009ರಲ್ಲಿ ಅಮೆಜಾನ್ ಕಂಪೆನಿಯು ಓದುಗರು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ಪ್ರತಿಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಲ್ಲೇ ಕುಳಿತು ಅಳಿಸಿಹಾಕಿತು. ಮಾರಿದವರಿಗೆ ಪ್ರಕಾಶನದ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ವಾಪಸಾಯಿತು, ಕ್ಷಮೆಯಾಚನೆಯೂ ಆಯಿತು. ಆದರೆ ನಮ್ಮ ಮನೆಯ ಕಪಾಟಿನ ಬೀಗದ ಕೈ ಅಂಗಡಿಯವನ ಬಳಿ ಇರಬೇಕೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆ ಸ್ಟಾಲ್‌ಮನ್‌ರ ಬದುಕಿನಿಂದಲೇ ಹುಟ್ಟಿದ್ದು. 1953ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು ಎಂಐಟಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಅದರ ಪ್ರೋಗ್ರಾಮನ್ನು ತಿದ್ದಬೇಕೆಂದು ಅವರಿಗಿತ್ತು. ಆದರೆ ಮೂಲ ಸಂಕೇತ ಸಿಗಲಿಲ್ಲ. ಅದನ್ನು ಬಲ್ಲವರೊಬ್ಬರು ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದರು. ಸಹೋದ್ಯೋಗಿಗೆ ನೆರವಾಗಲು ಬಿಡದ ಈ ಕರಾರನ್ನು ಸ್ಟಾಲ್‌ಮನ್ ಅನೈತಿಕವೆಂದರು. 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ, ಮರುವರ್ಷ ಕೆಲಸ ಬಿಟ್ಟರು. 1989ರ ಜಿಪಿಎಲ್ ಪರವಾನಗಿಯಲ್ಲಿ ಕೃತಿಸ್ವಾಮ್ಯದ ಕಾನೂನನ್ನೇ ತಿರುಗಿಸಿ ಹಿಡಿದರು. ಪ್ರೋಗ್ರಾಮನ್ನು ತಿದ್ದಿ, ಹಂಚಿ. ಆದರೆ ಪಡೆದವರಿಗೂ ಅದೇ ಹಕ್ಕನ್ನು ಕೊಡಿ ಎಂಬುದು ಅದರ ಶರತ್ತು. ಇಂದು ಲೋಕದ ಬಹುಪಾಲು ಸರ್ವರ್‌ಗಳಲ್ಲಿ ದುಡಿಯುವ ಲಿನಕ್ಸ್ ಈ ಪರವಾನಗಿಯಡಿಯಲ್ಲೇ ಇದೆ.

2002ರ ಪ್ರಬಂಧ ಸಂಕಲನ ‘ಫ್ರೀ ಸಾಫ್ಟ್‌ವೇರ್, ಫ್ರೀ ಸೊಸೈಟಿ’ಯಲ್ಲಿ ಅವರು ಮತ್ತೆ ಮತ್ತೆ ಹೆಣಗುವುದು ‘ಫ್ರೀ’ ಎಂಬ ಒಂದು ಪದದೊಂದಿಗೆ. ನಮಗೆ ಈ ತೊಡಕಿಲ್ಲ. ಉರ್ದುವಿನಲ್ಲಿ ‘ಮುಫ್ತ್’ ಬೇರೆ, ‘ಆಜಾದ್’ ಬೇರೆ. ಕನ್ನಡದಲ್ಲಿ ಬಿಟ್ಟಿ ಬೇರೆ, ಸ್ವತಂತ್ರ ಬೇರೆ. 1998ರಲ್ಲಿ ‘ಓಪನ್ ಸೋರ್ಸ್’ ಎಂಬ ಹೆಸರು ಬಂದಾಗಲೂ ಅವರು ಒಪ್ಪಲಿಲ್ಲ. ಅದು ಅನುಕೂಲದ ಮಾತು, ತನ್ನದು ಸ್ವಾತಂತ್ರ್ಯದ ಮಾತು ಎಂದರು. ಹಂಚಿಕೊಳ್ಳುವುದನ್ನು ಕಡಲ್ಗಳ್ಳತನಕ್ಕೆ ಸಮಗೊಳಿಸುವ ‘ಪೈರಸಿ’ ಪದವನ್ನೂ ತಳ್ಳಿಹಾಕಿದರು. ಪದಗಳ ಒಳಗೆ ಅಧಿಕಾರ ಅಡಗಿರುತ್ತದೆಂದು ಬಲ್ಲ ಲೇಖಕ ಇವರು.

ಆದರೆ ಪದ ತೂಗುವವರೆಲ್ಲ ಮನುಷ್ಯರ ನೋವನ್ನು ತೂಗಬಲ್ಲರೇ? 2019ರಲ್ಲಿ ಲೈಂಗಿಕ ಶೋಷಣೆಯ ಪ್ರಕರಣವೊಂದರ ಚರ್ಚೆಯಲ್ಲಿ, ಸಹೋದ್ಯೋಗಿಯೊಬ್ಬರ ಮೇಲಿನ ಆರೋಪಕ್ಕೆ ಬಳಸಿದ ಪದ ಸರಿಯೇ ಎಂದು ಅವರು ವಾದಕ್ಕಿಳಿದರು. ಟೀಕೆ ಭುಗಿಲೆದ್ದು ಎಂಐಟಿಯ ಸ್ಥಾನವನ್ನೂ, ತಾವೇ 1985ರಲ್ಲಿ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಅಧ್ಯಕ್ಷತೆಯನ್ನೂ ಬಿಡಬೇಕಾಯಿತು. 2021ರಲ್ಲಿ ಫೌಂಡೇಶನ್ನಿನ ಆಡಳಿತ ಮಂಡಳಿಗೆ ಮರಳಿದಾಗ ವಿರೋಧವೂ ಮರಳಿತು.

ಕತೆಯನ್ನು ಮತ್ತೆ ಓದಿದರೆ ಈ ಕೊರತೆ ಅಲ್ಲಿಯೂ ಕಾಣುತ್ತದೆ. ಡ್ಯಾನ್‌ನ ಭಯ, ಲೆಕ್ಕಾಚಾರ, ಧೈರ್ಯ ಎಲ್ಲವೂ ನಮಗೆ ತಿಳಿಯುತ್ತವೆ. ಲೀಸಾ ಬರೀ ಕೇಳುವವಳು. ಅವಳ ಮನಸ್ಸಿನೊಳಗೆ ಕತೆ ಇಳಿಯುವುದೇ ಇಲ್ಲ. ಕೊಡುವವನ ಹಕ್ಕನ್ನು ಇಷ್ಟು ಸ್ಪಷ್ಟವಾಗಿ ಕಂಡ ಲೇಖಕನಿಗೆ ಕೈಚಾಚಿ ನಿಂತವಳ ಮುಖ ಕಾಣಲಿಲ್ಲ. ಹಾಗೆಂದು ಅವರೆತ್ತಿದ ಪ್ರಶ್ನೆ ಸಣ್ಣದಾಗುವುದಿಲ್ಲ. ಆ ಪ್ರಶ್ನೆಯನ್ನು ಲೀಸಾಳ ಕಡೆಯಿಂದ ಬರೆಯುವ ಕೆಲಸ ಮಾತ್ರ ಇನ್ನೂ ಬಾಕಿಯಿದೆ.